ತಾರೆಗಳ ಹಬ್ಬಕ್ಕೆ ಮಳೆ ಏಕೆ? ಜಪಾನಿನ ಋತುಗಳು, ಹಬ್ಬಗಳು ಮತ್ತು ಜಾರಿದ ಪಂಚಾಂಗ

ಜುಲೈ 7ರ ಸಂಜೆ ಜಪಾನಿನ ಬಹಳಷ್ಟು ಊರುಗಳಲ್ಲಿ ಶಾಲೆಯ ಜಗಲಿ, ಅಂಗಡಿ ಬೀದಿ, ರೈಲು ನಿಲ್ದಾಣದ ಬಾಗಿಲು ಎಲ್ಲೆಂದರಲ್ಲಿ ಎಲೆಸಹಿತ ಬಿದಿರಿನ ಕೊಂಬೆಗಳು ನಿಂತಿರುತ್ತವೆ. ಕೊಂಬೆಯ ತುಂಬ ಬಣ್ಣದ ಕಾಗದದ ಚೀಟಿಗಳು. ಪರೀಕ್ಷೆಯಲ್ಲಿ ಪಾಸಾಗಲಿ, ಅಜ್ಜಿಯ ಮಂಡಿನೋವು ಹೋಗಲಿ, ಒಂದು ನಾಯಿಮರಿ ಸಿಗಲಿ ಎಂದು ಮಕ್ಕಳೂ ದೊಡ್ಡವರೂ ಬರೆದು ಕಟ್ಟಿದ ಕೋರಿಕೆಗಳು ಅವು. ಈ ಹಬ್ಬದ ಹೆಸರು ತನಬಾತ. ಬಟ್ಟೆ ನೇಯುವ ಒರಿಹಿಮೆ, ದನ ಕಾಯುವ ಹಿಕೊಬೊಶಿ ಎಂಬ ಇಬ್ಬರು ಪ್ರೇಮಿಗಳು ಆಕಾಶಗಂಗೆಯ ಆಚೀಚೆ ದಡದಲ್ಲಿದ್ದಾರೆ. ವರ್ಷಕ್ಕೆ ಈ ಒಂದು ರಾತ್ರಿ ಮಾತ್ರ ನದಿ ದಾಟಿ ಸೇರಬಹುದು ಎಂಬುದು ಚೀನಾದಿಂದ ಬಂದ ಕಥೆ. ಆ ಇಬ್ಬರೂ ನಮಗೆ ಅಪರಿಚಿತರಲ್ಲ. ಒರಿಹಿಮೆ ಎಂದರೆ ನಮ್ಮ ಪಂಚಾಂಗದ ಅಭಿಜಿತ್, ಹಿಕೊಬೊಶಿ ಎಂದರೆ ಶ್ರವಣ.

ತೊಂದರೆ ಇರುವುದು ಒಂದೇ. ಅಂದು ಆಕಾಶದಲ್ಲಿ ನಕ್ಷತ್ರ ಕಾಣುವುದು ಅಪರೂಪ. ಜುಲೈ ಮೊದಲ ವಾರವೆಂದರೆ ಜಪಾನಿನ ಮುಖ್ಯ ದ್ವೀಪದಲ್ಲಿ ಮಳೆಗಾಲದ ನಡುಭಾಗ. ಮೋಡ ಕವಿದು ಸೋನೆ ಹಿಡಿದಿರುತ್ತದೆ, ಬಿದಿರಿಗೆ ಕಟ್ಟಿದ ಚೀಟಿಗಳ ಶಾಯಿ ಕರಗಿ ಇಳಿಯುತ್ತಿರುತ್ತದೆ. ನಕ್ಷತ್ರ ನೋಡುವ ಹಬ್ಬವನ್ನು ಮಳೆಗಾಲದಲ್ಲಿ ಇಟ್ಟವರು ಯಾರು?

ಯಾರೂ ಇಡಲಿಲ್ಲ, ಅದು ಜಾರಿ ಬಂದು ಅಲ್ಲಿ ಕುಳಿತದ್ದು. ಹೇಗೆ ಜಾರಿತು ಎಂಬುದು ತಿಳಿದರೆ ಜಪಾನಿನ ವರ್ಷದಲ್ಲಿ ಅರ್ಥವಾಗದೆ ಉಳಿಯುವ ಅರ್ಧದಷ್ಟು ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

1872ರವರೆಗೆ ಜಪಾನಿನಲ್ಲಿ ನಡೆಯುತ್ತಿದ್ದುದು ನಮ್ಮ ಚಾಂದ್ರಮಾನದಂಥದೇ ಲೆಕ್ಕ. ತಿಂಗಳು ಚಂದ್ರನದು, ವರ್ಷ ಸೂರ್ಯನದು, ಇಬ್ಬರನ್ನೂ ಸರಿತೂಗಿಸಲು ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ. ಆ ಲೆಕ್ಕದಲ್ಲಿ ಏಳನೇ ತಿಂಗಳ ಏಳನೇ ದಿನವೆಂದರೆ ಹೆಚ್ಚಿನ ವರ್ಷಗಳಲ್ಲಿ ನಮ್ಮ ಶ್ರಾವಣ ಶುದ್ಧ ಸಪ್ತಮಿಯ ಆಸುಪಾಸು, ಅಂದರೆ ಈಗಿನ ಆಗಸ್ಟ್. ಅಷ್ಟು ಹೊತ್ತಿಗೆ ಅಲ್ಲಿನ ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತಿರುತ್ತದೆ. ಸಪ್ತಮಿಯ ಅರ್ಧಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಕತ್ತಲಲ್ಲಿ ಆಕಾಶಗಂಗೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಹಬ್ಬ ಇಟ್ಟವರು ಜಾಣರೇ.

ಆಮೇಲೆ ಮೈಜಿ ಚಕ್ರವರ್ತಿಯ ಹೊಸ ಸರ್ಕಾರ ಬಂತು. ಪಶ್ಚಿಮದ ದೇಶಗಳೊಂದಿಗೆ ಹೆಜ್ಜೆ ಹಾಕುವ ಆತುರದಲ್ಲಿ, ಹಳೆಯ ಲೆಕ್ಕದ ಹನ್ನೆರಡನೇ ತಿಂಗಳ ಮೂರನೇ ದಿನವನ್ನೇ 1873ರ ಜನವರಿ 1 ಎಂದು ಕರೆಯತಕ್ಕದ್ದು ಎಂದು ಆಜ್ಞೆ ಹೊರಡಿಸಿತು. ಜನಕ್ಕೆ ಸಿಕ್ಕ ಮುನ್ಸೂಚನೆ ಒಂದು ತಿಂಗಳಿಗಿಂತಲೂ ಕಡಿಮೆ. ಆತುರಕ್ಕೆ ಇನ್ನೊಂದು ಕಾರಣವೂ ಇತ್ತು. ಹಳೆಯ ಲೆಕ್ಕದಂತೆ 1873ರಲ್ಲಿ ಅಧಿಕಮಾಸ ಬರಬೇಕಿತ್ತು; ಬರಿದಾಗಿದ್ದ ಖಜಾನೆಯಿಂದ ಸರ್ಕಾರಿ ನೌಕರರಿಗೆ ಹದಿಮೂರು ಸಂಬಳ ಕೊಡಬೇಕಾಗುತ್ತಿತ್ತು. ಕ್ಯಾಲೆಂಡರ್ ಬದಲಿಸಿದರೆ ಆ ಒಂದು ಸಂಬಳ ಉಳಿಯಿತು, ಎರಡೇ ದಿನಕ್ಕೆ ಮುಗಿದುಹೋದ ಹನ್ನೆರಡನೇ ತಿಂಗಳ ಸಂಬಳವೂ ಉಳಿಯಿತು. ಆಗಿನ ಸರ್ಕಾರದ ಪ್ರಮುಖರಲ್ಲಿ ಒಬ್ಬರಾದ ಒಕುಮಾ ಶಿಗೆನೊಬು ಮುಂದೆ ಇದನ್ನು ತಾವೇ ನೆನಪಿಸಿಕೊಂಡಿದ್ದಾರೆ. ಸಂಬಳ ಉಳಿಸಲು ಕಾಲವನ್ನೇ ತಿದ್ದಿದ ಸರ್ಕಾರಗಳು ಜಗತ್ತಿನಲ್ಲಿ ಹೆಚ್ಚಿರಲಾರವು.

ಹಬ್ಬಗಳ ಗತಿ ಏನು? ಜನ ಮೂರು ದಾರಿ ಹಿಡಿದರು. ಒಂದು, ಸಂಖ್ಯೆಯನ್ನು ಹಾಗೇ ಇಟ್ಟುಕೊಂಡು ಹೊಸ ಕ್ಯಾಲೆಂಡರಿಗೆ ಅಂಟಿಸುವುದು. ಏಳನೇ ತಿಂಗಳ ಏಳು ಜುಲೈ 7 ಆಯಿತು, ಮೂರನೇ ತಿಂಗಳ ಮೂರು ಮಾರ್ಚ್ 3 ಆಯಿತು. ಹೀಗೆ ಮಾಡಿದರೆ ಹಬ್ಬ ಸುಮಾರು ಒಂದು ತಿಂಗಳು ಮುಂಚೆಯೇ ಬಂದುಬಿಡುತ್ತದೆ, ಋತು ಹಿಂದೆ ಉಳಿಯುತ್ತದೆ. ಇನ್ನೊಂದು, ಸಂಖ್ಯೆಗೆ ಒಂದು ತಿಂಗಳು ಸೇರಿಸಿ ಋತುವನ್ನು ಉಳಿಸಿಕೊಳ್ಳುವುದು. ಸೆಂದಾಯ್ ನಗರದ ಪ್ರಸಿದ್ಧ ತನಬಾತ ಆಗಸ್ಟ್ 6ರಿಂದ 8ರವರೆಗೆ ನಡೆಯುವುದು ಇದೇ ಲೆಕ್ಕದಲ್ಲಿ. ಮೂರನೆಯದು, ಸರ್ಕಾರ ಏನಾದರೂ ಹೇಳಿಕೊಳ್ಳಲಿ ಎಂದು ಚಂದ್ರನನ್ನೇ ನಂಬಿಕೊಂಡಿರುವುದು. ಪಿತೃಗಳ ಹಬ್ಬವಾದ ಓಬೋನ್ ಈ ಮೂರಕ್ಕೂ ಒಟ್ಟಿಗೆ ಉದಾಹರಣೆ: ಟೋಕಿಯೊದಲ್ಲಿ ಜುಲೈ ಮಧ್ಯದಲ್ಲಿ, ದೇಶದ ಬಹುಭಾಗದಲ್ಲಿ ಆಗಸ್ಟ್ ಮಧ್ಯದಲ್ಲಿ, ಒಕಿನಾವಾದಲ್ಲಿ ಇಂದಿಗೂ ಹಳೆಯ ಪಂಚಾಂಗದ ಏಳನೇ ತಿಂಗಳ ಹುಣ್ಣಿಮೆಯ ಸುತ್ತ.

ಇದರಿಂದ ಭಾಷೆಯಲ್ಲೂ ವಿಚಿತ್ರಗಳು ಉಳಿದುಕೊಂಡಿವೆ. ‘ಸತ್ಸುಕಿಬಾರೆ’ ಎಂಬ ಮಾತಿನ ಅಕ್ಷರಾರ್ಥ ಐದನೇ ತಿಂಗಳ ಬಿಸಿಲು. ಹಳೆಯ ಐದನೇ ತಿಂಗಳು ಮಳೆಗಾಲ. ಜಡಿಮಳೆಯ ನಡುವೆ ಒಂದು ದಿನ ಹೊಳವಾದಾಗ ಆಡುತ್ತಿದ್ದ ಮಾತು ಅದು. ಹೊಸ ಕ್ಯಾಲೆಂಡರಿನ ಐದನೇ ತಿಂಗಳು ಮೇ, ಆಗ ಹೆಚ್ಚಿನ ಕಡೆ ಮಳೆಗಾಲ ಇನ್ನೂ ಶುರುವಾಗಿರುವುದಿಲ್ಲ. ಈಗಿನವರು ಮೇ ತಿಂಗಳ ತಿಳಿ ಆಕಾಶಕ್ಕೆಲ್ಲ ಅದೇ ಮಾತನ್ನು ಬಳಸುತ್ತಾರೆ.

ಚಂದ್ರನ ತಿಂಗಳು ಹಿಂದೆ ಮುಂದೆ ಸರಿಯುವುದರಿಂದ ರೈತನಿಗೆ ಅದು ಹಿಂದೆಯೂ ನಂಬಿಕೆಗೆ ಅರ್ಹವಾಗಿರಲಿಲ್ಲ. ನಮ್ಮ ಒಕ್ಕಲಿಗರು ತಿಥಿ ನೋಡಿ ಬಿತ್ತುವುದಿಲ್ಲ, ಮಳೆ ನಕ್ಷತ್ರ ನೋಡಿ ಬಿತ್ತುತ್ತಾರೆ. ರೋಹಿಣಿ, ಮೃಗಶಿರಾ, ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’ ಎನ್ನುವ ಆ ಲೆಕ್ಕ ಸೂರ್ಯನದು; ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಜಪಾನಿನಲ್ಲೂ ಹಾಗೆಯೇ ಸೂರ್ಯನ ದಾರಿಯನ್ನು 24 ಭಾಗ ಮಾಡಿದ ಲೆಕ್ಕವಿದೆ, ಒಂದೊಂದು ಸುಮಾರು ಹದಿನೈದು ದಿನ. ಇದೂ ಚೀನಾದಿಂದ ಬಂದದ್ದು. ಪ್ರತಿಯೊಂದನ್ನೂ ಮತ್ತೆ ಮೂರಾಗಿ ಒಡೆದರೆ 72 ಪುಟ್ಟ ಋತುಗಳು, ಐದೈದು ದಿನಕ್ಕೊಂದು. 1685ರಲ್ಲಿ ಶಿಬುಕಾವಾ ಶುನ್‌ಕಾಯ್ ಎಂಬ ಖಗೋಳಜ್ಞ ಜಪಾನಿಗೆಂದೇ ಹೊಸ ಪಂಚಾಂಗ ಗಣಿಸಿದಾಗ ಈ ಪುಟ್ಟ ಋತುಗಳನ್ನೂ ತನ್ನ ನಾಡಿನ ಹೂವು ಹಕ್ಕಿಗಳಿಗೆ ಹೊಂದಿಸಿ ತಿದ್ದಿದ. ಅವುಗಳ ಹೆಸರುಗಳೇ ಸೊಗಸು: ‘ಮೂಡಣ ಗಾಳಿ ಮಂಜುಗಡ್ಡೆ ಕರಗಿಸುತ್ತದೆ’, ‘ಕೊಳೆತ ಹುಲ್ಲು ಮಿಂಚುಹುಳುವಾಗುತ್ತದೆ’.

ಒಂದೇ ಗಾಳಿ, ಎರಡು ಚಳಿಗಾಲ

ಜಪಾನಿನ ಹವಾಮಾನದ ಬಗ್ಗೆ ಮಾತು ಶುರುವಾದರೆ ‘ನಮ್ಮಲ್ಲಿ ನಾಲ್ಕು ಋತುಗಳಿವೆ’ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುವುದುಂಟು. ಆರು ಋತುಗಳ ಹೆಸರನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಇದರಲ್ಲೇನು ವಿಶೇಷ ಎನ್ನಿಸುವುದು ಸಹಜ. ಆದರೆ ಅಲ್ಲಿ ಎದ್ದು ಕಾಣುವುದು ಋತುಗಳ ಸಂಖ್ಯೆಗಿಂತ ಅವುಗಳ ನಡುವಿನ ಅಂತರ. ಉತ್ತರದ ಹೊಕ್ಕೈಡೊದಿಂದ ದಕ್ಷಿಣದ ಒಕಿನಾವಾವರೆಗೆ ದ್ವೀಪಸಾಲಿನ ಉದ್ದ ಸುಮಾರು 3,000 ಕಿಲೋಮೀಟರ್. ಹೊಕ್ಕೈಡೊದ ಅಸಾಹಿಕಾವಾದಲ್ಲಿ 1902ರ ಜನವರಿ 25ರಂದು ಶೂನ್ಯಕ್ಕಿಂತ 41 ಡಿಗ್ರಿ ಕೆಳಗಿನ ಚಳಿ ದಾಖಲಾಗಿತ್ತು. ಒಕಿನಾವಾದಲ್ಲಿ ಅದೇ ಜನವರಿಯಲ್ಲಿ ಒಂದು ಜಾತಿಯ ಚೆರ್ರಿ ಹೂ ಬಿಡುತ್ತದೆ.

ಚಳಿಗಾಲದ ಇನ್ನೊಂದು ಒಡಕು ಉತ್ತರ ದಕ್ಷಿಣವಾಗಿಯಲ್ಲ, ಅಡ್ಡಡ್ಡವಾಗಿ ಇದೆ. ಜನವರಿಯಲ್ಲಿ ಟೋಕಿಯೊದಲ್ಲಿ ಇದ್ದರೆ ಆಕಾಶ ನೀಲಿ, ಗಾಳಿ ಒಣ, ತುಟಿ ಒಡೆಯುತ್ತದೆ. ಬೆಟ್ಟದ ಸುರಂಗ ದಾಟಿ ಪಶ್ಚಿಮದ ನಿಗಾತಾ ಪ್ರಾಂತ್ಯಕ್ಕೆ ಹೋದರೆ ಮನೆಯ ಮೊದಲ ಅಂತಸ್ತು ಹಿಮದಲ್ಲಿ ಹೂತಿರುತ್ತದೆ. ರೈಲಿನಲ್ಲಿ ಒಂದೂವರೆ ಎರಡು ಗಂಟೆಯ ಹಾದಿ, ಅಷ್ಟೇ. ಇದಕ್ಕೆ ಕಾರಣ ಹುಡುಕಲು ಆಗುಂಬೆ ಮತ್ತು ಚಿತ್ರದುರ್ಗವನ್ನು ನೆನಪಿಸಿಕೊಂಡರೆ ಸಾಕು. ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ತಣ್ಣನೆಯ, ಭಾರವಾದ ಗಾಳಿ ಗುಡ್ಡೆ ಬೀಳುತ್ತದೆ. ಅಲ್ಲಿಂದ ವಾಯವ್ಯ ಮಾರುತವಾಗಿ ಜಪಾನ್ ಕಡೆಗೆ ಹೊರಟಾಗ ಅದರಲ್ಲಿ ನೀರೇ ಇರುವುದಿಲ್ಲ. ನಡುವೆ ಜಪಾನ್ ಸಮುದ್ರ ಸಿಗುತ್ತದೆ. ದಕ್ಷಿಣದಿಂದ ಬರುವ ತ್ಸುಶಿಮಾ ಪ್ರವಾಹದಿಂದಾಗಿ ಅದರ ನೀರು ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ಒಣಗಾಳಿ ಅಲ್ಲಿ ಹೊಟ್ಟೆತುಂಬ ಆವಿ ಕುಡಿದು, ದ್ವೀಪದ ನಡುವಿನ ಬೆಟ್ಟಸಾಲಿಗೆ ಡಿಕ್ಕಿ ಹೊಡೆದು, ಮೇಲೇರಿ, ಕುಡಿದದ್ದನ್ನೆಲ್ಲ ಹಿಮವಾಗಿ ಕಕ್ಕಿಬಿಡುತ್ತದೆ. ಬೆಟ್ಟ ದಾಟಿ ಟೋಕಿಯೊಗೆ ಇಳಿಯುವ ಹೊತ್ತಿಗೆ ಉಳಿಯುವುದು ಒಣಗಾಳಿ ಮಾತ್ರ. ಪಶ್ಚಿಮ ಘಟ್ಟ ಮುಂಗಾರಿಗೆ ಮಾಡುವುದನ್ನೇ ಈ ಬೆಟ್ಟಗಳು ಹಿಮಕ್ಕೆ ಮಾಡುತ್ತವೆ. ನಿಗಾತಾದ ತಕಾದಾ ಪಟ್ಟಣದಲ್ಲಿ 1945ರ ಫೆಬ್ರವರಿಯಲ್ಲಿ ನೆಲದ ಮೇಲೆ 377 ಸೆಂಟಿಮೀಟರ್ ಹಿಮ ನಿಂತಿತ್ತು. ಶಿಗಾ ಪ್ರಾಂತ್ಯದ ಇಬುಕಿ ಬೆಟ್ಟದ ಮೇಲೆ 1927ರಲ್ಲಿ ಅಳೆದದ್ದು 1,182 ಸೆಂಟಿಮೀಟರ್. ಆ ಹಿಮ ವಸಂತದಲ್ಲಿ ಕರಗಿ ಗದ್ದೆಗೆ ಇಳಿಯುತ್ತದೆ. ನಿಗಾತಾದ ಅಕ್ಕಿಗೆ ದೇಶದಲ್ಲೆಲ್ಲ ಹೆಸರು ಬಂದದ್ದರ ಹಿಂದೆ ಈ ನೀರೂ ಇದೆ.

ಹಿಮದ ನಾಡಿನ ಹಬ್ಬಗಳು ಹಿಮದಿಂದಲೇ ಆದವು. ಅಕಿತಾ ಪ್ರಾಂತ್ಯದ ಯೊಕೊತೆಯಲ್ಲಿ ಫೆಬ್ರವರಿ ಮಧ್ಯದಲ್ಲಿ ಹಿಮವನ್ನು ಗುಡ್ಡೆ ಹಾಕಿ, ಒಳಗೆ ಕೊರೆದು ಗುಡಿಸಲು ಮಾಡುತ್ತಾರೆ. ಒಳಗೊಂದು ಗೂಡಿನಲ್ಲಿ ಜಲದೇವತೆಯ ಪೂಜೆ, ಮಕ್ಕಳು ಹಾದುಹೋಗುವವರನ್ನು ಕರೆದು ಬಿಸಿ ಪಾನಕ ಕೊಡುತ್ತಾರೆ. ಅದೇ ಪ್ರಾಂತ್ಯದ ಒಗಾದಲ್ಲಿ ಡಿಸೆಂಬರ್ 31ರ ರಾತ್ರಿ ಹುಲ್ಲಿನ ಉಡುಪು, ರಾಕ್ಷಸನ ಮುಖವಾಡ ತೊಟ್ಟ ನಮಹಾಗೆಗಳು ಮನೆಗೆ ನುಗ್ಗಿ ‘ಅಳುವ ಮಕ್ಕಳಿದ್ದಾರೆಯೇ, ಸೋಮಾರಿಗಳಿದ್ದಾರೆಯೇ’ ಎಂದು ಗುಡುಗುತ್ತವೆ. ಮಕ್ಕಳು ನಿಜವಾಗಿಯೂ ಹೆದರಿ ಅಳುತ್ತವೆ. ಮನೆಯ ಯಜಮಾನ ಬಂದ ರಾಕ್ಷಸನನ್ನು ಕೂರಿಸಿ ಅಕ್ಕಿಯ ಮದ್ಯ ಕೊಟ್ಟು ಉಪಚರಿಸುತ್ತಾನೆ. ಹೊಕ್ಕೈಡೊದ ಸಪ್ಪೊರೊದಲ್ಲಿ ನಡೆಯುವ ಹಿಮ ಉತ್ಸವ ಈಗ ಜಗತ್ಪ್ರಸಿದ್ಧ, ಆದರೆ ಅದು ಹಳೆಯದಲ್ಲ. 1950ರಲ್ಲಿ ಶಾಲಾ ವಿದ್ಯಾರ್ಥಿಗಳು ಉದ್ಯಾನವೊಂದರಲ್ಲಿ ಆರು ಹಿಮದ ಮೂರ್ತಿಗಳನ್ನು ಮಾಡಿದ್ದರಿಂದ ಶುರುವಾದದ್ದು.

ಚಳಿಯಲ್ಲಿ ಬರುವ ವಸಂತ

ಫೆಬ್ರವರಿ 4ರ ಸುಮಾರಿಗೆ ರಿಶ್ಶುನ್, ಅಂದರೆ ವಸಂತದ ಆರಂಭ. ವರ್ಷದ ಅತಿ ಚಳಿಯ ದಿನಗಳು ಅವೇ. ಇಲ್ಲಿ ತಪ್ಪಿರುವುದು 1872ರ ಆಜ್ಞೆಯಲ್ಲ. ಸೂರ್ಯನ ಲೆಕ್ಕ ಮೊದಲೂ ಹೀಗೇ ಇತ್ತು. ಅತಿ ಉದ್ದದ ರಾತ್ರಿಗೂ ಹಗಲು ರಾತ್ರಿ ಸಮವಾಗುವ ದಿನಕ್ಕೂ ನಟ್ಟನಡುವೆ ಬರುವುದು ರಿಶ್ಶುನ್. ಅದು ಬೆಳಕಿನ ವಸಂತ. ಬೆಳಕು ಹೆಚ್ಚತೊಡಗಿದರೂ ನೆಲ, ಅದಕ್ಕಿಂತ ಹೆಚ್ಚಾಗಿ ನೀರು, ಕಾಯುವುದು ನಿಧಾನ. ಈ ಲೆಕ್ಕ ಹುಟ್ಟಿದ್ದು ಚೀನಾದ ಒಳನಾಡಿನ ಬಯಲಿನಲ್ಲಿ, ಅಲ್ಲಿ ನೆಲ ಬೇಗ ಬಿಸಿಯಾಗುತ್ತದೆ. ಸುತ್ತ ಸಮುದ್ರವಿರುವ ಜಪಾನಿಗೆ ಬಂದಾಗ ಅಂತರ ಇನ್ನೂ ಹಿಗ್ಗಿತು.

ರಿಶ್ಶುನ್‌ನ ಹಿಂದಿನ ರಾತ್ರಿ ಸೆತ್ಸುಬುನ್. ಹುರಿದ ಸೋಯಾ ಕಾಳನ್ನು ಬಾಗಿಲಿನಿಂದಾಚೆಗೂ ಮನೆಯೊಳಗೂ ಎರಚುತ್ತ ‘ರಾಕ್ಷಸ ಹೊರಗೆ, ಭಾಗ್ಯ ಒಳಗೆ’ ಎಂದು ಕೂಗುತ್ತಾರೆ. ಬಹಳ ಮನೆಗಳಲ್ಲಿ ಅಪ್ಪನೇ ರಾಕ್ಷಸನ ಮುಖವಾಡ ಹಾಕಿಕೊಂಡು ಹೊಡೆತ ತಿನ್ನಬೇಕು. ಆಮೇಲೆ ತಮ್ಮ ವಯಸ್ಸಿನಷ್ಟು ಕಾಳು ಎಣಿಸಿ ತಿನ್ನುವುದು. ಎಪ್ಪತ್ತು ದಾಟಿದವರ ಹಲ್ಲಿನ ಗತಿಯನ್ನು ಈ ಸಂಪ್ರದಾಯ ಯೋಚಿಸಿದಂತಿಲ್ಲ. ಸಾಮಾನ್ಯವಾಗಿ ಫೆಬ್ರವರಿ 3ರಂದು ಬರುವ ಇದು 2021ರಲ್ಲಿ 2ನೇ ತಾರೀಕಿಗೆ ಬಂತು, 124 ವರ್ಷಗಳ ನಂತರ. ಸೂರ್ಯನ ನಡಿಗೆಯನ್ನು ಗಣಿಸಿ ತೀರ್ಮಾನಿಸುವ ಹಬ್ಬವಾದ್ದರಿಂದ ಹೀಗೆ ಒಮ್ಮೊಮ್ಮೆ ಜರುಗುತ್ತದೆ, ನಮ್ಮ ಸಂಕ್ರಾಂತಿ 14ರಿಂದ 15ಕ್ಕೆ ಜರುಗುವಂತೆ.

ಮಾರ್ಚ್ 3 ಹೆಣ್ಣುಮಕ್ಕಳ ಗೊಂಬೆ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಮೇಲ್ತುದಿಯಲ್ಲಿ ರಾಜ ರಾಣಿ, ಕೆಳಗೆ ಪರಿವಾರ. ಮೈಸೂರಿನ ದಸರಾ ಗೊಂಬೆ ನೋಡಿದವರಿಗೆ ಅದು ತವರಿನಂತೆ ಕಾಣುತ್ತದೆ, ಎರಡಕ್ಕೂ ಸಂಬಂಧವಿಲ್ಲದಿದ್ದರೂ. ಇದಕ್ಕೆ ಪೀಚ್ ಹಬ್ಬ ಎಂಬ ಹೆಸರೂ ಇದೆ, ಆದರೆ ಟೋಕಿಯೊದ ಸುತ್ತ ಪೀಚ್ ಅರಳುವುದು ಏಪ್ರಿಲ್ ಹೊತ್ತಿಗೆ. ಅಂಗಡಿಯಲ್ಲಿ ಸಿಗುವ ಪೀಚ್ ಕೊಂಬೆಗಳು ಗಾಜುಮನೆಯಲ್ಲಿ ಅವಸರವಾಗಿ ಅರಳಿಸಿದವು. ಮತ್ತದೇ ಜಾರಿದ ಪಂಚಾಂಗ.

ಸಕುರಾ, ಅಂದರೆ ಚೆರ್ರಿ ಹೂವಿಗೆ, ಈ ಗೊಂದಲವಿಲ್ಲ. ಅದಕ್ಕೆ ತಾರೀಕೇ ಇಲ್ಲ. ಹಿಂದಿನ ಬೇಸಿಗೆಯಲ್ಲೇ ಕಟ್ಟಿದ ಮೊಗ್ಗು ಶರತ್ತಿನಲ್ಲಿ ನಿದ್ದೆಗೆ ಜಾರುತ್ತದೆ, ಚಳಿಗಾಲದ ಚಳಿ ಸಾಕಷ್ಟು ತಗುಲಿದ ಮೇಲೆ ಎಚ್ಚರಗೊಳ್ಳುತ್ತದೆ, ಆಮೇಲೆ ಶಾಖ ಸಿಕ್ಕಷ್ಟು ಬೇಗ ಬೆಳೆಯುತ್ತದೆ. ಅಲ್ಲಿನವರು ಬಳಸುವ ಒಂದು ಸರಳ ಲೆಕ್ಕವಿದೆ: ಫೆಬ್ರವರಿ 1ರಿಂದ ಪ್ರತಿದಿನದ ಗರಿಷ್ಠ ತಾಪಮಾನವನ್ನು ಕೂಡುತ್ತ ಹೋಗಿ, ಮೊತ್ತ 600 ಡಿಗ್ರಿ ಮುಟ್ಟಿದ ದಿನದ ಆಸುಪಾಸಿನಲ್ಲಿ ಹೂ ಅರಳುತ್ತದೆ. ದೇಶದ ನಗರಗಳಲ್ಲಿ ಹೆಚ್ಚಾಗಿ ಕಾಣುವ ಸೊಮೆಯ್ ಯೊಶಿನೊ ಎಂಬ ತಳಿಯನ್ನು ಕಸಿ ಕಟ್ಟಿಯೇ ಬೆಳೆಸುವುದು. ಮರಗಳೆಲ್ಲ ಒಂದೇ ಮರದ ಪ್ರತಿಗಳಾದ್ದರಿಂದ ಒಂದು ಊರಿನವೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಬೀದಿ ಒಂದೇ ವಾರದಲ್ಲಿ ಬೆಳ್ಳಗಾಗಿ ಬರಿದಾಗುವುದು ಹಾಗೆ. ಟೋಕಿಯೊದಲ್ಲಿ ಯಾಸುಕುನಿ ದೇಗುಲದ ಅಂಗಳದ ಒಂದು ಮರವನ್ನು ಹವಾಮಾನ ಇಲಾಖೆಯ ಅಧಿಕಾರಿಗಳು ಬಂದು ನೋಡುತ್ತಾರೆ. ಐದಾರು ಹೂ ಅರಳಿದ್ದರೆ ‘ಹೂ ಬಂತು’ ಎಂದು ಘೋಷಣೆ. ಹೂಗಳನ್ನು ಎಣಿಸುವ ಆ ಕ್ಷಣವನ್ನು ಟಿ.ವಿ.ಯಲ್ಲಿ ನೇರ ಪ್ರಸಾರ ಮಾಡುತ್ತಾರೆ. ನಗುವುದು ಬೇಡ, ನಮ್ಮಲ್ಲೂ ಕೇರಳಕ್ಕೆ ಮುಂಗಾರು ಕಾಲಿಟ್ಟಿತೇ ಎಂದು ಕಾಯುವುದು ಹೀಗೆಯೇ.

ಮಾರ್ಚ್ ಕೊನೆಗೆ ಟೋಕಿಯೊ, ಕ್ಯೋಟೊ. ಏಪ್ರಿಲ್ ಕೊನೆಗೆ ಹೊಕ್ಕೈಡೊ. ಏಪ್ರಿಲ್ 1 ಅಲ್ಲಿ ಶಾಲೆಗೂ ಕಚೇರಿಗೂ ಹೊಸ ವರ್ಷ, ಹಾಗಾಗಿ ಹೂವಿನ ಜೊತೆಗೆ ಬೀಳ್ಕೊಡುಗೆ, ಮೊದಲ ಕೆಲಸ, ಹೊಸ ಊರು ಎಲ್ಲವೂ ಹೆಣೆದುಕೊಂಡಿವೆ. ಮರದಡಿ ಚಾಪೆ ಹಾಸಿ, ತಿಂದು ಕುಡಿದು ಹೂ ನೋಡುವುದೇ ಹನಮಿ; ಒಳ್ಳೆಯ ಜಾಗ ಹಿಡಿಯಲು ಕಚೇರಿಯ ಕಿರಿಯ ನೌಕರನನ್ನು ಬೆಳಗ್ಗೆಯೇ ಕಳಿಸುವುದು ಹಳೆಯ ರೂಢಿ. ಕ್ಯೋಟೊದಲ್ಲಿ ಹೂ ಅರಳಿದ ದಿನಗಳ ದಾಖಲೆ ಆಸ್ಥಾನಿಕರ ದಿನಚರಿಗಳಲ್ಲಿ 9ನೇ ಶತಮಾನದಿಂದಲೂ ಸಿಗುತ್ತದೆ. 2021ರಲ್ಲಿ ಮಾರ್ಚ್ 26ರಂದು ಹೂ ತುಂಬಿ ಬಂದದ್ದು ಅಲ್ಲಿಯವರೆಗಿನ 1,200 ವರ್ಷಗಳಲ್ಲೇ ಎಲ್ಲಕ್ಕಿಂತ ಮುಂಚೆ. ಇನ್ನೊಂದು ವಿಪರೀತವೂ ಈಗೀಗ ಕಾಣುತ್ತಿದೆ: 2020ರಲ್ಲಿ ಟೋಕಿಯೊದಲ್ಲಿ ಮಾರ್ಚ್ 14ಕ್ಕೇ ಹೂ ಬಂದರೆ, ಎಷ್ಟೋ ದಕ್ಷಿಣದ, ಬೆಚ್ಚನೆಯ ಕಗೊಶಿಮಾದಲ್ಲಿ ಏಪ್ರಿಲ್ ಬಂದ ಮೇಲೆ ಬಂತು. ಚಳಿ ಸಾಲದೆ ಮೊಗ್ಗಿಗೆ ಎಚ್ಚರವಾಗದಿದ್ದರೆ ಹೀಗಾಗುತ್ತದೆ.

ಪ್ರವಾಸಿ ಕರಪತ್ರಗಳು ಹೇಳದ ಒಂದು ಮಾತು: ಜಪಾನಿನ ಕೋಟ್ಯಂತರ ಜನರಿಗೆ ವಸಂತವೆಂದರೆ ಸೀನು. ಯುದ್ಧಾನಂತರ ಮರದ ದಿಮ್ಮಿಗಾಗಿ ಬೆಟ್ಟಬೆಟ್ಟಗಳಲ್ಲಿ ನೆಟ್ಟ ಸುಗಿ ಮರಗಳು ಫೆಬ್ರವರಿಯಿಂದ ಪರಾಗ ಉದುರಿಸುತ್ತವೆ. ಮೂಗು ಸುರಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಬೀದಿಯೆಲ್ಲ ಮುಖಗವಸು.

ಪ್ಲಮ್ ಹಣ್ಣಿನ ಮಳೆ

ಏಪ್ರಿಲ್ ಕೊನೆಯಿಂದ ಮೇ 5ರ ಮಕ್ಕಳ ದಿನದವರೆಗೆ ಸಾಲು ರಜೆ, ಗಾಳಿಯಲ್ಲಿ ಈಜುವ ಬಟ್ಟೆಯ ಮೀನುಗಳು. ಅದು ಕಳೆಯುತ್ತಿದ್ದಂತೆ ಐದನೇ ಋತು ಬರುತ್ತದೆ. ನಾಲ್ಕೇ ಋತು ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಗದ್ದೆಗೆ ಇದೇ ಮುಖ್ಯ. ತ್ಸುಯು ಎಂಬ ಹೆಸರನ್ನು ಬರೆಯುವ ಅಕ್ಷರಗಳ ಅರ್ಥ ಪ್ಲಮ್ ಮಳೆ, ಆ ಹಣ್ಣು ಮಾಗುವ ಕಾಲದ ಮಳೆ. ಒಕಿನಾವಾದಲ್ಲಿ ಮೇ ಎರಡನೇ ವಾರಕ್ಕೆ ಶುರು, ಟೋಕಿಯೊದ ಸುತ್ತ ಜೂನ್ ಮೊದಲ ವಾರದಿಂದ ಜುಲೈ ಮೂರನೇ ವಾರದವರೆಗೆ. ಹೊಕ್ಕೈಡೊಗೆ ಮಾತ್ರ ತ್ಸುಯು ಇಲ್ಲ ಎಂದು ಹವಾಮಾನ ಇಲಾಖೆಯೇ ಹೇಳುತ್ತದೆ.

ಈಶಾನ್ಯದ ಒಖೋತ್ಸ್ಕ್ ಸಮುದ್ರದ ಮೇಲಿನ ತಣ್ಣನೆಯ ತೇವದ ಗಾಳಿ ಒಂದು ಕಡೆ, ದಕ್ಷಿಣದ ಪೆಸಿಫಿಕ್ ಸಾಗರದ ಬಿಸಿ ತೇವದ ಗಾಳಿ ಇನ್ನೊಂದು ಕಡೆ. ಜಟ್ಟಿಗಳಿಬ್ಬರು ಪಟ್ಟು ಬಿಡದೆ ಹಿಡಿದು ನಿಂತಂತೆ ಇವೆರಡೂ ವಾರಗಟ್ಟಲೆ ಎದುರುಬದುರಾಗಿರುತ್ತವೆ, ನಡುವಿನ ಗಡಿಯುದ್ದಕ್ಕೂ ಮಳೆ. ಆ ಗಡಿಗೆ ನೈಋತ್ಯದಿಂದ ಏಷ್ಯಾದ ಮುಂಗಾರಿನ ತೇವವೂ ಹರಿದು ಸೇರುತ್ತದೆ. ಮಲೆನಾಡಿನಲ್ಲಿ ಸುರಿಯುವ ಮಳೆಗೂ ಜಪಾನಿನ ನೈಋತ್ಯದ ದ್ವೀಪ ಕ್ಯುಶುವಿನ ಗದ್ದೆಗೆ ಸುರಿಯುವುದಕ್ಕೂ ದೂರದ ನೆಂಟಸ್ತಿಕೆಯಿದೆ. ಕೊನೆಗೆ ಪೆಸಿಫಿಕ್ ಗಾಳಿ ಗೆದ್ದು ಗಡಿಯನ್ನು ಉತ್ತರಕ್ಕೆ ತಳ್ಳಿದ ದಿನ ಮಳೆಗಾಲ ಮುಗಿಯಿತು. ಸೋಲುವ ಮುಂಚಿನ ಈ ಕೊನೆಯ ದಿನಗಳೇ ಅಪಾಯದವು: 2018ರ ಜುಲೈನಲ್ಲಿ ಪಶ್ಚಿಮ ಜಪಾನಿನಲ್ಲಿ ಹೀಗೆ ಬಂದ ಮಳೆ, ಭೂಕುಸಿತಗಳಿಗೆ 200ಕ್ಕೂ ಹೆಚ್ಚು ಜನ ಬಲಿಯಾದರು.

ಹಬ್ಬಗಳು ಈ ಕಾಲದಲ್ಲಿ ಕಡಿಮೆ, ಎಲ್ಲರೂ ನಾಟಿಯಲ್ಲಿರುತ್ತಾರೆ. ಒಸಾಕಾದ ಸುಮಿಯೊಶಿ ದೇಗುಲದ ಗದ್ದೆಯಲ್ಲಿ ಜೂನ್ 14ರಂದು ನಡೆಯುವ ನಾಟಿ ಪೂಜೆ ಹೆಸರಾದದ್ದು. ಮಕ್ಕಳು ಮಳೆ ನಿಲ್ಲಲೆಂದು ಬಿಳಿ ಬಟ್ಟೆಯ ಬೋಳುತಲೆ ಗೊಂಬೆಯನ್ನು ಕಿಟಕಿಗೆ ನೇತುಹಾಕುತ್ತಾರೆ. ನಾವು ಮಳೆ ಬರಲೆಂದು ಕಪ್ಪೆಗೆ ಮದುವೆ ಮಾಡುತ್ತೇವೆ.

ಬೇಸಿಗೆ: ರೋಗವೂ ಪಿತೃಗಳೂ

ಜುಲೈ ಕೊನೆಯಿಂದ ಬಿಸಿಲಿಗಿಂತ ಸೆಕೆಯೇ ಕಾಟ. ಮಂಗಳೂರಿನ ಮೇ ತಿಂಗಳನ್ನು ಬಲ್ಲವರಿಗೆ ವಿವರಣೆ ಬೇಡ. 2025ರ ಆಗಸ್ಟ್ 5ರಂದು ಗುನ್ಮಾ ಪ್ರಾಂತ್ಯದ ಇಸೆಸಾಕಿಯಲ್ಲಿ 41.8 ಡಿಗ್ರಿ ದಾಖಲಾಯಿತು. ಹಳೆಯ ಕಾಲದಲ್ಲಿ ಕಿಕ್ಕಿರಿದ ನಗರಕ್ಕೆ ಈ ಸೆಕೆಯ ಜೊತೆ ಸಾಂಕ್ರಾಮಿಕಗಳು ಬರುತ್ತಿದ್ದವು. ಹಳ್ಳಿಯ ಹಬ್ಬಗಳು ಗದ್ದೆಯ ಸುತ್ತ ತಿರುಗುತ್ತವೆ, ವಸಂತದಲ್ಲಿ ಬೇಡಿಕೆ, ಶರತ್ತಿನಲ್ಲಿ ಕೃತಜ್ಞತೆ. ನಗರದ ದೊಡ್ಡ ಹಬ್ಬಗಳು ಬೇಸಿಗೆಗೆ ಬಿದ್ದದ್ದು ರೋಗ ಓಡಿಸುವುದಕ್ಕಾಗಿ. ನಮ್ಮ ಮಾರಿಹಬ್ಬಗಳ ಹಿಂದೆಯೂ ಇಂಥದೇ ಭಯವಿದೆ.

ಕ್ಯೋಟೊದ ಗಿಯೊನ್ ಮತ್ಸುರಿ ಹುಟ್ಟಿದ್ದು 869ರಲ್ಲಿ. ಸಾಂಕ್ರಾಮಿಕ ಹರಡಿದಾಗ ದೇಶದ 66 ಪ್ರಾಂತ್ಯಗಳ ಲೆಕ್ಕದಲ್ಲಿ 66 ಈಟಿಗಳನ್ನು ನೆಟ್ಟು ಕೋಪಗೊಂಡ ಶಕ್ತಿಗಳನ್ನು ಶಾಂತಗೊಳಿಸಿದರು ಎಂಬುದು ಅದರ ಮೂಲ. ಆ ಈಟಿಗಳೇ ಬೆಳೆದು ಇಂದಿನ ತೇರುಗಳಾದವು. ಜುಲೈ ಇಡೀ ಹಬ್ಬ, 17 ಮತ್ತು 24ರಂದು ತೇರುಗಳ ಮೆರವಣಿಗೆ. ದೊಡ್ಡ ತೇರು ನೆಲದಿಂದ ತುದಿಯವರೆಗೆ ಸುಮಾರು 25 ಮೀಟರ್, ತೂಕ ಹತ್ತು ಟನ್ನಿಗೂ ಮಿಗಿಲು. ಮರದ ಗಾಲಿಯನ್ನು ಪಕ್ಕಕ್ಕೆ ತಿರುಗಿಸಲಾಗದ್ದರಿಂದ ಬೀದಿಯ ತಿರುವಿನಲ್ಲಿ ಬಿದಿರಿನ ದಬ್ಬೆಗಳನ್ನು ಗಾಲಿಯಡಿ ಹಾಸಿ, ನೀರು ಎರಚಿ, ಅಡ್ಡಡ್ಡವಾಗಿ ಎಳೆದು ಜಾರಿಸುತ್ತಾರೆ. ತೇರಿನ ಮೇಲೆ ನಿಂತವರು ಬೀಸಣಿಗೆ ಬೀಸಿ ಹುರಿದುಂಬಿಸುತ್ತಾರೆ. ತೇರಿಗೆ ಹೊದಿಸಿದ ಬಟ್ಟೆಗಳಲ್ಲಿ ಪರ್ಷಿಯಾದ, ಭಾರತದ ರತ್ನಗಂಬಳಿಗಳೂ ಇವೆ. ಭಾರತದ ನಂಟು ಹೆಸರಿನಲ್ಲೇ ಉಂಟು: ಗಿಯೊನ್ ಎಂಬುದು ಬುದ್ಧ ಇದ್ದ ಶ್ರಾವಸ್ತಿಯ ಜೇತವನದ ಜಪಾನೀ ಹೆಸರಿನಿಂದ ಬಂದದ್ದು.

ಓಬೋನ್‌ನ ನಂಟು ಇನ್ನೂ ಹತ್ತಿರದ್ದು. ಸಂಸ್ಕೃತದ ಉಲ್ಲಂಬನ ಚೀನಾ ದಾಟುವಾಗ ಸವೆದು ಉರಬೋನ್ ಆಗಿ, ಕೊನೆಗೆ ಬೋನ್ ಆಯಿತು ಎಂಬುದು ರೂಢಿಯ ವಿವರಣೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಬಿಡಿಸಿದ ಕಥೆ ಅದರ ಬೇರು. ಆಗಸ್ಟ್ 13ರಂದು ಮನೆಯ ಮುಂದೆ ಬೆಂಕಿ ಹಚ್ಚಿ ಪಿತೃಗಳಿಗೆ ದಾರಿ ತೋರಿಸುತ್ತಾರೆ, 16ರಂದು ಮತ್ತೆ ಬೆಂಕಿ ಹಚ್ಚಿ ಕಳಿಸಿಕೊಡುತ್ತಾರೆ. ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡಿ ಇಡುವ ರೂಢಿಯಿದೆ. ಬರುವಾಗ ಕುದುರೆ ಏರಿ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನ ಹೋಗಲಿ. ನಮ್ಮ ಪಕ್ಷಮಾಸದಲ್ಲಿ ಕಾಗೆಗೆ ಎಡೆ ಇಟ್ಟು ಕಾಯುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 16ರ ರಾತ್ರಿ ಕ್ಯೋಟೊದ ಸುತ್ತಲಿನ ಐದು ಬೆಟ್ಟಗಳ ಮೇಲೆ ಅಕ್ಷರ, ದೋಣಿ, ದ್ವಾರಗಳ ಆಕಾರದಲ್ಲಿ ಬೆಂಕಿ ಉರಿಯುತ್ತದೆ. ಓಬೋನ್ ಸರ್ಕಾರಿ ರಜೆಯಲ್ಲ, ಆದರೂ ಕಂಪನಿಗಳು ಮುಚ್ಚುತ್ತವೆ, ರೈಲುಗಳು ಊರಿಗೆ ಹೊರಟವರಿಂದ ತುಂಬಿ ತುಳುಕುತ್ತವೆ.

ಗಾಳಿ, ಹುಣ್ಣಿಮೆ, ಕೆಂಪು ಎಲೆ

ರಿಶ್ಶುನ್‌ನಿಂದ ಎಣಿಸಿದ 210ನೇ ದಿನ, ಸೆಪ್ಟೆಂಬರ್ 1ರ ಸುಮಾರು, ಭತ್ತ ಹೊಡೆ ಬಿಚ್ಚುವ ಹೊತ್ತಿಗೇ ಬರುವ ಚಂಡಮಾರುತದ ದಿನವೆಂದು ರೈತರ ಎಣಿಕೆ. ವಾಯವ್ಯ ಪೆಸಿಫಿಕ್‌ನಲ್ಲಿ ವರ್ಷಕ್ಕೆ ಸರಾಸರಿ 25 ಚಂಡಮಾರುತ ಹುಟ್ಟುತ್ತವೆ, ಅವುಗಳಲ್ಲಿ ಮೂರರಷ್ಟು ಜಪಾನಿನ ನೆಲಕ್ಕೆ ಅಪ್ಪಳಿಸುತ್ತವೆ. 1959ರ ಸೆಪ್ಟೆಂಬರಿನ ಇಸೆ ಕೊಲ್ಲಿಯ ಚಂಡಮಾರುತಕ್ಕೆ 5,000ಕ್ಕೂ ಹೆಚ್ಚು ಜನ ಬಲಿಯಾದರು. ತೊಯಾಮಾ ಪ್ರಾಂತ್ಯದ ಯತ್ಸುವೊದಲ್ಲಿ ಸೆಪ್ಟೆಂಬರ್ 1ರಿಂದ 3ರವರೆಗೆ ನಡೆಯುವ ‘ಗಾಳಿಯ ಬೋನ್’ ಆ ಗಾಳಿಯನ್ನು ಸಮಾಧಾನಪಡಿಸುವ ಕುಣಿತ. ಹುಲ್ಲಿನ ಟೊಪ್ಪಿಯನ್ನು ಮುಖ ಮುಚ್ಚುವಷ್ಟು ಕೆಳಗೆಳೆದುಕೊಂಡು ಸದ್ದಿಲ್ಲದೆ ರಾತ್ರಿಯಿಡೀ ಕುಣಿಯುತ್ತಾರೆ. ಜಪಾನಿನ ಎಲ್ಲ ಹಬ್ಬಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇದೇ: ಗಾಳಿಯನ್ನು ಗದರಿಸುವುದಿಲ್ಲ, ಅದಕ್ಕೆ ನಿದ್ದೆ ಬರಿಸುತ್ತಾರೆ.

ಎಂಟನೇ ತಿಂಗಳ ಹುಣ್ಣಿಮೆ ಮಾತ್ರ ಯಾವ ಆಜ್ಞೆಗೂ ಬಗ್ಗಲಿಲ್ಲ. ಹುಣ್ಣಿಮೆಯನ್ನು ಯಾವ ಸರ್ಕಾರವೂ ಜರುಗಿಸಲಾಗದು. ಸುಮಾರು ಸೆಪ್ಟೆಂಬರ್ 8ರಿಂದ ಅಕ್ಟೋಬರ್ 8ರೊಳಗೆ ಬರುವ ಆ ರಾತ್ರಿ ಅಕ್ಕಿಹಿಟ್ಟಿನ ಬಿಳಿ ಉಂಡೆ, ಕೆಸವಿನ ಗೆಡ್ಡೆ, ಬೆಳ್ಳಿತೆನೆಯ ಹುಲ್ಲು ಇಟ್ಟು ಚಂದ್ರನನ್ನು ನೋಡುತ್ತಾರೆ. ಅವರ ಚಂದ್ರನಲ್ಲಿ ಒಂದು ಮೊಲ ಒನಕೆ ಹಿಡಿದು ಅಕ್ಕಿ ಕುಟ್ಟುತ್ತಿದೆ. ಬೆಂಕಿಗೆ ಹಾರಿ ಅತಿಥಿಗೆ ತನ್ನನ್ನೇ ಅರ್ಪಿಸಿದ ಜಾತಕ ಕಥೆಯ ಮೊಲ ಅಲ್ಲಿಯೂ ಮನೆಮಾತು. ಚಂದ್ರನನ್ನು ಶಶಾಂಕ ಎನ್ನುವ ನಮ್ಮ ಮಾತಿನಲ್ಲಿರುವುದೂ ಮೊಲವೇ.

ಸಮರಾತ್ರಿಯ ಸುತ್ತಿನ ಏಳು ದಿನ ಹಿಗಾನ್, ಅಂದರೆ ಆಚೆ ದಡ. ಸಮಾಧಿಗಳನ್ನು ತೊಳೆದು ಹೂವಿಡುವ ವಾರ. ‘ಸೆಕೆಯೂ ಚಳಿಯೂ ಹಿಗಾನ್‌ವರೆಗೆ’ ಎಂಬ ಗಾದೆ ಇತ್ತೀಚೆಗೆ ಸುಳ್ಳಾಗುತ್ತಿದೆ, ಸೆಪ್ಟೆಂಬರ್ ಮುಗಿದರೂ ಸೆಕೆ ಬಿಡುವುದಿಲ್ಲ. ನಾಲ್ಕು ಋತು ಹೋಗಿ ಎರಡೇ ಉಳಿದಿವೆ ಎಂಬ ಗೊಣಗು ಅಲ್ಲಿ ಈಗ ಸಾಮಾನ್ಯ.

ಎಲೆ ಕೆಂಪಾಗುವ ಕೋಯೊ ಸಕುರಾದ ಉಲ್ಟಾ ದಾರಿ ಹಿಡಿಯುತ್ತದೆ. ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ನೆತ್ತಿಯಿಂದ ಬಯಲಿಗೆ. ಹೊಕ್ಕೈಡೊದ ದೈಸೆತ್ಸು ಬೆಟ್ಟಗಳಲ್ಲಿ ಸೆಪ್ಟೆಂಬರಿಗೇ ಶುರು, ಕ್ಯೋಟೊಗೆ ಇಳಿಯುವ ಹೊತ್ತಿಗೆ ನವೆಂಬರ್ ಕೊನೆ. ನವೆಂಬರ್ 23ರಂದು ಚಕ್ರವರ್ತಿ ಹೊಸ ಅಕ್ಕಿಯನ್ನು ದೇವತೆಗಳಿಗೆ ಅರ್ಪಿಸಿ ತಾನೂ ಉಣ್ಣುತ್ತಾನೆ. ಹೊರಗೆ ಆ ದಿನಕ್ಕೆ ದುಡಿಮೆಗೆ ಕೃತಜ್ಞತೆ ಹೇಳುವ ರಜೆ ಎಂಬ ಆಧುನಿಕ ಹೆಸರು. ಹಳೆಯ ಹತ್ತನೇ ತಿಂಗಳಿಗೆ ‘ದೇವರಿಲ್ಲದ ತಿಂಗಳು’ ಎನ್ನುತ್ತಾರೆ. ಎಲ್ಲ ದೇವರುಗಳೂ ಸಭೆ ಸೇರಲು ಇಜುಮೊ ಎಂಬ ಊರಿನ ದೇಗುಲಕ್ಕೆ ಹೋಗಿರುತ್ತಾರಂತೆ. ಇಜುಮೊದಲ್ಲಿ ಮಾತ್ರ ಅದು ‘ದೇವರಿರುವ ತಿಂಗಳು’. ಸಭೆ ಇವತ್ತಿಗೂ ಹಳೆಯ ಪಂಚಾಂಗದಂತೆಯೇ ನಡೆಯುತ್ತದೆ. ದೇವರುಗಳಿಗೆ 1872ರ ಆಜ್ಞೆ ತಲುಪಿದಂತಿಲ್ಲ.

ಡಿಸೆಂಬರ್ 31ರಂದು ಮನೆ ತೊಳೆದು ಮುಗಿದಿರುತ್ತದೆ, ರಾತ್ರಿ ಊಟಕ್ಕೆ ಬಕ್‌ವೀಟ್ ಹಿಟ್ಟಿನ ಉದ್ದನೆಯ ಕಂದು ಶಾವಿಗೆ, ಸೋಬಾ. ಬೌದ್ಧ ದೇಗುಲಗಳಲ್ಲಿ ಮನುಷ್ಯನ 108 ಕ್ಲೇಶಗಳಿಗೆ 108 ಸಲ ಗಂಟೆ ಬಾರಿಸುತ್ತಾರೆ. 107 ಹಳೆಯ ವರ್ಷದಲ್ಲಿ, ಕೊನೆಯದೊಂದು ಹೊಸ ವರ್ಷದಲ್ಲಿ ಬೀಳಬೇಕೆಂಬುದು ಕ್ರಮ. ಬೆಳಗಾದರೆ ಅಂಚೆಯವನು ಶುಭಾಶಯದ ಕಾರ್ಡುಗಳ ಕಟ್ಟು ತರುತ್ತಾನೆ. ಅಓಮೊರಿಯಲ್ಲಾದರೆ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಸರಿಸಿದ ಮೇಲೆಯೇ ಪೆಟ್ಟಿಗೆ ಕೈಗೆ ಸಿಗುವುದು. ಕಾರ್ಡಿನ ಮೇಲೆ ಕುಂಚದಲ್ಲಿ ಎರಡಕ್ಷರ ಬರೆದಿರುತ್ತದೆ: ಗೇಯ್‌ಶುನ್, ವಸಂತಕ್ಕೆ ಸ್ವಾಗತ.